ಸೇತುವೆಯ ಆ ತುದಿಗೆ ಒಂದು ತಾರೀಖು, ಈ ತುದಿಗೆ ಇನ್ನೊಂದು

2021ರ ಜೂನ್ 10ರಂದು ಟಿವಿಯಲ್ಲಿ 11 ಜಿಲ್ಲೆಗಳ ಹೆಸರು ಬಂದವು. ಜೂನ್ 14ರಿಂದ ರಾಜ್ಯದ ಉಳಿದೆಲ್ಲ ಕಡೆ ಲಾಕ್‌ಡೌನ್ ಸಡಿಲ, ಈ 11ರಲ್ಲಿ ಮಾತ್ರ ಇನ್ನೊಂದು ವಾರ ಇದ್ದ ಹಾಗೇ. ಚಿಕ್ಕಮಗಳೂರು, ಶಿವಮೊಗ್ಗ, ಹಾಸನ, ಮೈಸೂರಿನ ಸಾಲಿನಲ್ಲಿ ದಾವಣಗೆರೆಯೂ ಇತ್ತು. ಹಾವೇರಿ ಇರಲಿಲ್ಲ.

ಹರಿಹರದವರಿಗೆ ಹಾವೇರಿ ಜಿಲ್ಲೆ ಪರಸ್ಥಳವಲ್ಲ. ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಅದು ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಪಾಲಿಫೈಬರ್ಸ್ ಕಾರ್ಖಾನೆಯ ಹೆಸರಿನಲ್ಲಿ ಹರಿಹರ ಅಂತ ಇದೆ, ಕಾರ್ಖಾನೆ ಇರುವುದು ಆ ದಡದಲ್ಲಿ. ನಮ್ಮ ಓಣಿಯ ಎಷ್ಟೋ ಗಂಡಸರು ಆ ದಡಕ್ಕೆ ಹೋಗಿ ದುಡಿದು ಬರುತ್ತಾರೆ. ಆ ದಡದ ಹೆಣ್ಣುಮಕ್ಕಳು ಬಸ್ಸಿಗೆ, ಆಸ್ಪತ್ರೆಗೆ, ಹರಿಹರೇಶ್ವರನ ಗುಡಿಗೆ ಈ ದಡಕ್ಕೆ ಬರುತ್ತಾರೆ. ಕೊಟ್ಟು ತಂದ ಸಂಬಂಧಗಳು ಎರಡೂ ಕಡೆ ಇವೆ. ಇಂಥ ಊರಿಗೆ ಜೂನ್ 14ರಿಂದ ಆ ತುದಿಯಲ್ಲಿ ದಿನಸಿ, ತರಕಾರಿ, ಬೀದಿ ವ್ಯಾಪಾರ ಮಧ್ಯಾಹ್ನ 2ರವರೆಗೆ, ಆಟೋ ಓಡಬಹುದು. ಈ ತುದಿಯಲ್ಲಿ ಬೆಳಗ್ಗೆ 6ರಿಂದ 10, ಆಮೇಲೆ ಎಲ್ಲ ಬಂದ್ ಎಂದಾಯಿತು.

ಆ ಪಟ್ಟಿ ಬಂದಾಗ ನನ್ನ ಗಂಡ ಆಸ್ಪತ್ರೆಯಿಂದ ಮನೆಗೆ ಬಂದು ಕೆಲವೇ ದಿನ ಆಗಿತ್ತು. ಬಚ್ಚಲಿಗೆ ನಡೆದು ಹೋಗಿ ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅತ್ತೆ ತೀರಿಹೋಗಿದ್ದರು. ಮನೆಯಲ್ಲಿ ದುಡ್ಡು ಅಂತ ಇರಲಿಲ್ಲ. ಅಂಗಡಿ ಬೇಗ ತೆರೆಯಬೇಕು ಅನ್ನುವವರ ಮಾತೂ, ಇಷ್ಟು ಬೇಗ ತೆರೆಯಬಾರದು ಅನ್ನುವವರ ಮಾತೂ ದಿನಾ ನನ್ನ ಫೋನಿಗೇ ಬರುತ್ತಿದ್ದವು. ಒಂದು ಕಡೆ ನನಗೆ ಸಂಬಳ ಕೊಡುವ ಸಾಹುಕಾರ್ರು, ಇನ್ನೊಂದು ಕಡೆ ಒಡಹುಟ್ಟಿದ ತಂಗಿ. ತಂಗಿ ದಾವಣಗೆರೆಯ ಒಂದು ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಸ್ಟಾಫ್ ನರ್ಸ್.

ನಾನು ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಕೌಂಟರ್ ನೋಡಿಕೊಳ್ಳುತ್ತೇನೆ. ಹರಿಹರದಿಂದ ಬೆಳಗ್ಗೆ ಬಸ್ಸು, ರಾತ್ರಿ ವಾಪಸ್ಸು. ಈ ಕೆಲಸ ಹೊರಗಿನವರಿಗೆ ಹಗುರ ಕಾಣುತ್ತದೆ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಮದುವೆ ಮನೆಯವರು ಗಾಡಿ ಮಾಡಿಕೊಂಡು ಜವಳಿ ತೆಗೆಯಲು ಬರುತ್ತಾರೆ. ಧಾರೆ ಸೀರೆಯಿಂದ ಹಿಡಿದು ಬೀಗರಿಗೆ, ಸೋದರತ್ತೆಗೆ, ಅಡುಗೆ ಮನೆಯಲ್ಲಿ ದುಡಿದವರಿಗೆ ಕೊಡುವ ಸೀರೆಯವರೆಗೆ ಎಲ್ಲವನ್ನೂ ಬಿಚ್ಚಿ ತೋರಿಸಬೇಕು, ಮತ್ತೆ ಮಡಿಸಬೇಕು. ಇಡೀ ದಿನ ನಿಂತೇ ಇರುತ್ತೇವೆ. ಸಂಬಳ ತೀರ ಕಮ್ಮಿ. ಯುಗಾದಿಯಿಂದ ಆಷಾಢದವರೆಗಿನ ಸೀಜನ್ನಿನಲ್ಲಿ ಮಾರಾಟದ ಮೇಲೆ ಸಿಗುವ ಕಮಿಷನ್ನೇ ನಮಗೆ ವರ್ಷದ ಆಸರೆ. ಮಕ್ಕಳ ಫೀಸು, ಮನೆ ರಿಪೇರಿ, ಹಳೇ ಕೈಗಡ ಎಲ್ಲ ಅದರಲ್ಲೇ ತೀರಬೇಕು.

ಆ ಸೀಜನ್ ಎರಡು ವರ್ಷ ಸಾಲಾಗಿ ಹೋಯಿತು. 2020ರ ಮಾರ್ಚ್ 25, ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದ ದಿನವೇ ಯುಗಾದಿ. ಆ ವರ್ಷ ಬಸವ ಜಯಂತಿಯೂ ರಂಜಾನೂ ಲಾಕ್‌ಡೌನ್ ಒಳಗೇ ಕಳೆದವು. 2021ರಲ್ಲಿ ಬಸವ ಜಯಂತಿ, ಅಕ್ಷಯ ತೃತೀಯ, ರಂಜಾನ್ ಎಲ್ಲವೂ ಮೇ 14ರ ಒಂದೇ ದಿನ ಬಿದ್ದಿದ್ದವು. ದಾವಣಗೆರೆಯ ಬಟ್ಟೆ ಅಂಗಡಿಗಳಿಗೆ ಅಂಥ ವಾರ ಮತ್ತೆ ಸಿಗುವುದು ಕಷ್ಟ. ಸಾಹುಕಾರ್ರು ಸೂರತ್ತಿನಿಂದ, ಧರ್ಮಾವರದಿಂದ ಮುಂಚೆಯೇ ಉದ್ರಿ ಮಾಲು ತರಿಸಿ ಗೋಡೌನ್ ತುಂಬಿಸಿದ್ದರು.

ಏಪ್ರಿಲ್ 22ರ ಗುರುವಾರ ಮಧ್ಯಾಹ್ನ ಅದಕ್ಕೆಲ್ಲ ಕಲ್ಲು ಬಿತ್ತು. ರಾತ್ರಿ ಕರ್ಫ್ಯೂ, ವಾರಾಂತ್ಯದ ಕರ್ಫ್ಯೂ ಅಂತ ಅಷ್ಟೇ ಹೇಳಿದ್ದರು. ಹೊಸ ಆದೇಶ ಬಂದಿದೆ, ಅಗತ್ಯ ವಸ್ತು ಬಿಟ್ಟು ಉಳಿದದ್ದೆಲ್ಲ ಈಗಲೇ ಮುಚ್ಚಬೇಕು ಅಂತ ಪೊಲೀಸರು ಬೀದಿಗಿಳಿದರು. ರಾಜ್ಯದ ಊರೂರಲ್ಲಿ ಹೀಗೇ ಆಯಿತಂತೆ. ನನ್ನ ಮುಂದೆ ಒಂದು ಹಳ್ಳಿಯ ಮದುವೆ ಮನೆಯವರು ಕೂತಿದ್ದರು. ಸೀರೆ ಆರಿಸಿ ಒಂದು ಕಡೆ ಇಟ್ಟಿದ್ದರು, ಬಿಲ್ ಆಗಿರಲಿಲ್ಲ. ಹೊರಗಿನಿಂದ ಶಟರ್ ಬಡಿದರು. ಮದುಮಗಳ ತಾಯಿ ದುಡ್ಡಿನ ಚೀಲ ಎದೆಗವಚಿಕೊಂಡು, "ಅಕ್ಕಾ, ಇವನ್ನ ತೆಗೆದಿಟ್ಟಿರ್ರೀ, ನಾಳೆ ಬರ್ತೀವಿ" ಅಂದರು. ಆ ಸೀರೆ ಜುಲೈವರೆಗೂ ಅಲ್ಲೇ ಇದ್ದವು. ಏಪ್ರಿಲ್ 27ರಿಂದ ಜನತಾ ಕರ್ಫ್ಯೂ, ಮೇ 10ರಿಂದ ಪೂರ್ತಿ ಲಾಕ್‌ಡೌನ್, ಅದು 24ರವರೆಗೆ, ಆಮೇಲೆ ಜೂನ್ 7, ಆಮೇಲೆ ಜೂನ್ 14. ತಾರೀಖು ಹತ್ತಿರ ಬಂದ ಹಾಗೆಲ್ಲ ಮುಂದಕ್ಕೆ ಹೋಗುತ್ತಿತ್ತು.

ನಮ್ಮವರು ಆಟೋ ಓಡಿಸುತ್ತಾರೆ. ತುರ್ತು ಇದ್ದವರನ್ನು ಆಸ್ಪತ್ರೆಗೆ ಕರೆದೊಯ್ಯಲು ಬಿಡುತ್ತಿದ್ದರು. ಓಣಿಯಲ್ಲಿ ಯಾರಿಗೆ ಉಸಿರು ಕಟ್ಟಿದರೂ ಇವರಿಗೇ ಫೋನು. ಬೇಡ ಅಂದೆ. "ನಾನು ಒಲ್ಲೆ ಅಂದ್ರೆ ಅವರು ಯಾರನ್ನ ಕೇಳಬೇಕು?" ಅಂದರು. ಮೇ ಎರಡನೇ ವಾರ ಮೊದಲು ಅತ್ತೆಗೆ ಜ್ವರ ಬಂತು, ಎರಡು ದಿನಕ್ಕೆ ಇವರಿಗೆ. ಆಶಾ ಕಾರ್ಯಕರ್ತೆ ಬಂದು ಹೆಸರು ಬರೆದುಕೊಂಡು ಹೋದಳು. ಗಂಟಲ ದ್ರವ ಕೊಟ್ಟು ವರದಿಗೆ ಕಾಯುವಷ್ಟರಲ್ಲೇ ಅತ್ತೆ ಊಟ ಬಿಟ್ಟರು. ತಂಗಿ ಪಲ್ಸ್ ಆಕ್ಸಿಮೀಟರ್ ಕಳಿಸಿದ್ದಳು. ಬೆರಳಿಗೆ ಹಾಕಿದರೆ 94 ಇರಬೇಕಾದ ಕಡೆ 86 ತೋರಿಸಿತು. ಮಷಿನ್ ಕೆಟ್ಟಿರಬೇಕು ಅಂತ ನನ್ನ ಬೆರಳಿಗೆ ಹಾಕಿ ನೋಡಿದೆ. ಕೆಟ್ಟಿರಲಿಲ್ಲ.

ತಂಗಿ ಫೋನಿನಲ್ಲೇ, "ಬೋರಲು ಮಲಗಿಸು, ಎದೆ ಕೆಳಗೆ ದಿಂಬು ಕೊಡು, ನಾನು ಬೆಡ್ ನೋಡ್ತೀನಿ" ಅಂದಳು. ಅವಳು ಬೆಡ್ ಹುಡುಕುತ್ತಿದ್ದ ರಾತ್ರಿ ನಾನು ಇಬ್ಬರ ಬೆರಳಿಗೂ ಸರದಿಯಲ್ಲಿ ಆ ಮಷಿನ್ ಹಾಕುತ್ತಾ ಕೂತೆ. ದಾವಣಗೆರೆಯಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಎರಡು ಮೆಡಿಕಲ್ ಕಾಲೇಜುಗಳಿವೆ. ಜೆಜೆಎಂ ಕಾಲೇಜು 1965ರಿಂದ ಇದೆ. ಆದ್ದರಿಂದಲೇ ಚಿತ್ರದುರ್ಗ, ಹಾವೇರಿ, ಹರಪನಹಳ್ಳಿ ಕಡೆಯವರೂ ಉಸಿರು ಸಿಕ್ಕಿಹಾಕಿಕೊಂಡರೆ ದಾವಣಗೆರೆಗೇ ಬರುತ್ತಾರೆ. ಆ ವಾರ ಎಲ್ಲಿ ಕೇಳಿದರೂ ಆಕ್ಸಿಜನ್ ಬೆಡ್ ಇಲ್ಲ. ಒಂದು ಆಸ್ಪತ್ರೆಯ ಗೇಟಿನ ಹೊರಗೆ ಆಂಬುಲೆನ್ಸಿನಲ್ಲೇ ಬಹಳ ಹೊತ್ತು ಕಾದೆವು. ಮೇ ಮೊದಲಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಗಂಟೆಯೊಳಗೆ 24 ಜನ ಸತ್ತ ಸುದ್ದಿ ತಲೆಯಲ್ಲಿ ಕೂತಿತ್ತು. ಸಿಲಿಂಡರಿನ ಮುಳ್ಳು ಇಳಿದ ಹಾಗೆಲ್ಲ ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ಕೊನೆಗೆ ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು, ಬೇರೆ ಬೇರೆ ಮಹಡಿಯಲ್ಲಿ.

ಅತ್ತೆ ಮೂರನೇ ದಿನ ಬೆಳಗಿನ ಜಾವ ಹೋದರು. ನನಗೆ ದೂರದಿಂದ ಮುಖ ತೋರಿಸಿದರು. ಅಂತ್ಯಕ್ರಿಯೆಗೆ ನಾನು, ಮೈದುನ, ಪಿಪಿಇ ಕಿಟ್ ಹಾಕಿದ ಹುಡುಗರು, ಇಷ್ಟೇ ಜನ. ಆ ಹುಡುಗರು ಯಾರೋ ಏನೋ. ಒಬ್ಬ ಹುಡುಗ ತಾನಾಗೇ ಕೇಳಿದ: "ಅಮ್ಮಾ, ಬಾಯಿಗೆ ನೀರು ಬಿಡ್ತೀರಾ? ದೂರದಿಂದ ಬಿಡ್ರಿ, ನಾನು ಹಿಡ್ಕೊಂತೀನಿ." ಅವನ ಕಣ್ಣು ಬಿಟ್ಟರೆ ನಾನು ಮುಖ ನೋಡಿಲ್ಲ. ಎಲ್ಲಿದ್ದರೂ ಅವನು ಚೆನ್ನಾಗಿರಲಿ.

ಮೇಲಿನ ಮಹಡಿಯಲ್ಲಿದ್ದ ನಮ್ಮವರಿಗೆ ಹೇಳಬಾರದು ಅಂತ ಡಾಕ್ಟರ್ ಹೇಳಿದ್ದರು. ಫೋನ್ ಮಾಡಿದಾಗಲೆಲ್ಲ "ಅವ್ವ ಉಂಡಳಾ?" ಅಂತ ಕೇಳುತ್ತಿದ್ದರು. "ಗಂಜಿ ಕುಡಿದಾರೆ" ಅನ್ನುತ್ತಿದ್ದೆ. ಮನೆಗೆ ಬಂದ ದಿನ ಹೊಸ್ತಿಲಲ್ಲೇ ನಿಂತು ಒಳಗೆ ನೋಡಿದರು, ಗೋಡೆಗೆ ಫೋಟೋ ಹಾಕಿತ್ತು. ನಾನು ಮಾತಾಡಲಿಲ್ಲ, ಅವರೂ ಕೇಳಲಿಲ್ಲ. ಆಮೇಲೆ ಅವರು ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ.

ಇದೆಲ್ಲ ಅನುಭವಿಸಿದವಳಾಗಿ, ಅಂಗಡಿ ತೆರೆಯಬೇಡಿ ಅನ್ನುವವರ ಕಡೆಗೇ ನಾನು ಇರಬೇಕಿತ್ತು ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ದಿನಾ ಬೆಳಗಾದರೆ ಔಷಧಿ, ಮೊಟ್ಟೆ, ಹಾಲು ಬೇಕು. ನನ್ನ ಬಳೆ, ಅತ್ತೆಯ ಬೋರಮಾಳ ಎರಡೂ ಗಿರವಿಗೆ ಹೋಗಿದ್ದವು. ಸಂಘದಲ್ಲಿ ಮಾಡಿದ ಸಾಲದ ಕಂತು ವಾರವಾರ ಬಾಗಿಲಿಗೆ ಬರುತ್ತಿತ್ತು. 2020ರಲ್ಲಿ ರಿಸರ್ವ್ ಬ್ಯಾಂಕು ಸಾಲದ ಕಂತು ಆರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತ್ತು. ಬಡ್ಡಿ ಬೆಳೆದರೂ ಬಾಗಿಲಿಗೆ ಬರುವವರು ಕಮ್ಮಿಯಾಗಿದ್ದರು. 2021ರಲ್ಲಿ ಹಾಗೆ ಎಲ್ಲರಿಗೂ ಅಂತ ಬರಲಿಲ್ಲ. ಸಾಲ ಹೊಂದಿಸಿಕೊಡಲು ಬ್ಯಾಂಕಿಗೆ ಅರ್ಜಿ ಕೊಡಬಹುದು ಅಂದರು. ಸಂಘದಲ್ಲಿ ಸಾಲ ಮಾಡಿದ ನಮ್ಮಂಥವರು ಯಾರಿಗೆ ಅರ್ಜಿ ಕೊಡಬೇಕೋ ಗೊತ್ತಾಗಲಿಲ್ಲ.

ಅಂಗಡಿಯವರ ವಾಟ್ಸಾಪ್ ಗುಂಪಿನಲ್ಲಿ ಜೂನ್ ಶುರುವಿನಿಂದಲೇ ಮಾತು ಬಿಸಿಯಾಗಿತ್ತು. ಜಿಲ್ಲಾಧಿಕಾರಿಗೆ ಮನವಿ ಕೊಡೋಣ, ಅರ್ಧ ದಿನವಾದರೂ ತೆರೆಯಲು ಬಿಡಲಿ ಅಂತ ಸಾಹುಕಾರ್ರು ಬರೆದರು. ಅವರು ಕೆಟ್ಟವರಲ್ಲ. ಮೇ ತಿಂಗಳು ಅರ್ಧ ಸಂಬಳ ಹಾಕಿದ್ದರು. ಜೂನ್‌ನಲ್ಲಿ ಆಗುವುದಿಲ್ಲ ಅಂತ ಫೋನ್ ಮಾಡಿ ಹೇಳಿದಾಗ ಅವರ ದನಿ ಒಡೆದಿತ್ತು. "ಬಾಡಿಗೆ ನಿಂತಿಲ್ಲ, ಕರೆಂಟು ನಿಂತಿಲ್ಲ, ಸೂರತ್ತಿನವರು ದಿನಾ ಫೋನ್ ಮಾಡ್ತಾರೆ. ಬ್ರಾಂದಿ ಅಂಗಡಿಗೆ ಬೆಳಗ್ಗೆ 10ರತನಕ ಬಿಟ್ಟಾರೆ, ನಮಗೆ ಒಂದು ತಾಸು ಇಲ್ಲ. ಸೀರೆ ಅಂಗಡಿಗಷ್ಟೇ ರೋಗ ಬರ್ತೈತೇನಮ್ಮ?" ಅಂದರು. ಆ ಪ್ರಶ್ನೆ ನ್ಯಾಯವಾದದ್ದು ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಗುಂಪಿನಲ್ಲಿದ್ದ ನಾವು ಕೆಲಸದವರೆಲ್ಲ ಮನವಿಗೆ ನಮ್ಮ ಹೆಸರೂ ಸೇರಿಸಿ ಅಂದೆವು.

ತಂಗಿಗೆ ಇದು ಗೊತ್ತಾದಾಗ ಡ್ಯೂಟಿ ಮುಗಿಸಿ ಕಿಟ್ ಬಿಚ್ಚಿ ಕೂತಿದ್ದಳಂತೆ. ಅಲ್ಲಿಂದಲೇ ಫೋನ್ ಮಾಡಿದಳು. "ಅಕ್ಕಾ, ಅತ್ತೇನ ಎಲ್ಲಿ ಕಳ್ಕೊಂಡಿ ನೆನಪೈತಾ? ಈಗ ತಾನೆ ಐಸಿಯುನಲ್ಲಿ ಎರಡು ಬೆಡ್ ಖಾಲಿ ಆಗ್ಯಾವು. ನೀವು ಈಗ ತೆಗೆದ್ರೆ ಮತ್ತೆ ತುಂಬ್ತಾವು. ಇನ್ನ ಹದಿನೈದು ದಿನ ತಡೀರಿ." ನಾನು ಮನೆಯಲ್ಲಿ ಅಕ್ಕಿ ಬಿಟ್ಟು ಏನಿಲ್ಲ ಅಂದೆ. ರೇಷನ್ನಿನಲ್ಲಿ ಕೇಂದ್ರದಿಂದ ತಲೆಗೆ 5 ಕೆಜಿ ಅಕ್ಕಿ ಬರುತ್ತಿತ್ತು, ಅದೇ ನಮ್ಮನ್ನು ಕಾಪಾಡಿದ್ದು. ಬರೀ ಅಕ್ಕಿಯಲ್ಲಿ ಹದಿನೈದು ದಿನ ಹೇಗೆ ತಡೆಯಬೇಕು? "ನಾನು ದುಡ್ಡು ಹಾಕ್ತೀನಿ" ಅಂದಳು. ಅವಳ ಗಂಡನಿಗೂ ಕೆಲಸವಿರಲಿಲ್ಲ. ಬೇಡ ಅಂದೆ. "ನಿನಗೆ ನಿನ್ನ ಸಾಹುಕಾರನೇ ಹೆಚ್ಚಾದ" ಅಂದು ಫೋನ್ ಇಟ್ಟಳು. ಆ ಮಾತು ನನ್ನ ಎದೆಯಲ್ಲಿ ಬಹಳ ದಿನ ಇತ್ತು.

ಅವಳ ಸಿಟ್ಟಿಗೆ ಕಾರಣ ಇತ್ತು. 2020ರ ಏಪ್ರಿಲ್ ಕೊನೆಯ ಹೊತ್ತಿಗೆ ದಾವಣಗೆರೆಯಲ್ಲಿ ಮೊದಲು ಸೋಂಕು ತಗುಲಿದವರೆಲ್ಲ ಗುಣವಾಗಿ, ಜಿಲ್ಲೆ ಹಸಿರು ವಲಯ ಅಂತ ಆಗಿತ್ತು. ಇನ್ನೇನು ಎಲ್ಲ ತೆರೆಯುತ್ತಾರೆ ಅಂತ ಊರೇ ಕಾಯುತ್ತಿದ್ದಾಗ ಬಾಷಾ ನಗರದಲ್ಲಿ, ಜಾಲಿ ನಗರದಲ್ಲಿ ಪ್ರಕರಣಗಳು ಬಂದವು. ಮೇ ಮೊದಲ ವಾರ ಒಂದೇ ದಿನ ಇಪ್ಪತ್ತರಷ್ಟು ಜನರಿಗೆ ಪಾಸಿಟಿವ್ ಬಂತು. ಆಗ ಸೋಂಕು ತಗುಲಿದವರಲ್ಲಿ ಆರೋಗ್ಯ ಸಿಬ್ಬಂದಿಯೂ ಇದ್ದರು. ಆ ದಿನಗಳಲ್ಲಿ ನನ್ನ ತಂಗಿ ಯೂನಿಫಾರ್ಮ್ ಬ್ಯಾಗಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡಿದಳು. ಅಕ್ಕಪಕ್ಕದವರು ನಲ್ಲಿಯ ಹತ್ತಿರ ಬರಬೇಡ ಅಂದಿದ್ದರು. ರೋಗ ತಂದು ಹಚ್ಚುವವಳು ಅಂತ ಅವಳನ್ನು ದೂರ ಇಟ್ಟ ಬೀದಿಯೇ ಮರುವರ್ಷ ಎಲ್ಲ ತೆರೆಯಿರಿ ಅಂದಾಗ ಅವಳಿಗೆ ಹೇಗಾಗಿರಬೇಕು?

ತೆರೆಯುವುದು, ಮುಚ್ಚುವುದು ಎಲ್ಲ ಒಂದು ಲೆಕ್ಕದ ಮೇಲೆ ನಿಂತಿತ್ತು. ಪರೀಕ್ಷೆ ಮಾಡಿದ ನೂರು ಜನರಲ್ಲಿ ಎಷ್ಟು ಜನರಿಗೆ ಸೋಂಕು ಇದೆ ಅನ್ನುವ ಪಾಸಿಟಿವಿಟಿ ದರ. ಅದು ಒಂದು ವಾರ ಶೇಕಡಾ 5ಕ್ಕಿಂತ ಕೆಳಗೆ ಇರಬೇಕು, ವಯಸ್ಸಾದವರು, ಕಾಯಿಲೆಯವರಲ್ಲಿ ಶೇಕಡಾ 70ರಷ್ಟು ಜನರಿಗೆ ಲಸಿಕೆ ಆಗಿರಬೇಕು, ಆಗ ತೆರೆಯಬಹುದು ಅಂತ ಐಸಿಎಂಆರ್‌ನ ಆಗಿನ ಮುಖ್ಯಸ್ಥ ಬಲರಾಮ್ ಭಾರ್ಗವ ಜೂನ್ ಮೊದಲ ದಿನ ಹೇಳಿದ್ದರು. ತಂಗಿ ಇದನ್ನು ಬಿಡಿಸಿ ಹೇಳಿದಾಗ ನನಗೆ ಸರಿ ಅನ್ನಿಸಿತು. ಆದರೆ ನಮ್ಮ ಓಣಿಯಲ್ಲಿ ನಾನು ಕಂಡದ್ದೂ ಇದೆ. ಜ್ವರ ಬಂದರೂ ಎಷ್ಟೋ ಜನ ಪರೀಕ್ಷೆಗೆ ಹೋಗಲಿಲ್ಲ. ಹೋದರೆ ಮನೆಗೆ ಪಟ್ಟಿ ಕಟ್ಟುತ್ತಾರೆ, ಕೇರ್ ಸೆಂಟರಿಗೆ ಒಯ್ಯುತ್ತಾರೆ ಅನ್ನುವ ಭಯ. ತೀರಾ ಉಬ್ಬಸ ಬಂದವರೇ ಹೋಗುತ್ತಿದ್ದರು. ಇನ್ನೊಂದು, ಹರಿಹರ, ದಾವಣಗೆರೆ, ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಎಲ್ಲ ಸೇರಿ ಒಂದೇ ಲೆಕ್ಕ. ಮಲೆನಾಡಿನ ಅಂಚಿನ ಚನ್ನಗಿರಿಯ ಹಳ್ಳಿಯ ಜ್ವರಕ್ಕೂ ಹರಿಹರದ ಅಂಗಡಿಗೂ ಒಂದೇ ಬೀಗ. ಕಣ್ಣೆದುರಿನ ಕುಮಾರಪಟ್ಟಣಕ್ಕೆ ಬೇರೆ ಬೀಗ. ತಾಲ್ಲೂಕು ತಾಲ್ಲೂಕಿಗೆ ನೋಡಬೇಕಿತ್ತು, ಹೊಳೆಯ ಎರಡೂ ದಡವನ್ನು ಒಂದೇ ಊರು ಅಂತ ನೋಡಬೇಕಿತ್ತು ಅಂತ ನಾನು ಇವತ್ತಿಗೂ ಹೇಳುತ್ತೇನೆ. ತಂಗಿಗೆ ಇದನ್ನು ಹೇಳಿದಾಗ ಅವಳೊಂದು ಮಾತು ಅಂದಳು: "ಆ ದಡದಾಗೆ ರೋಗ ಬಂದ್ರೂ ಅವರು ಬರೋದು ಈ ದಡದ ಬೆಡ್ಡಿಗೇ ಅಕ್ಕಾ. ತೆರೆಯೋದು ಅಲ್ಲಿ, ತುಂಬೋದು ಇಲ್ಲಿ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಜೂನ್ 21 ಬಂತು. ಶೇಕಡಾ 5ಕ್ಕಿಂತ ಕಮ್ಮಿ ಇದ್ದ 16 ಜಿಲ್ಲೆಗಳಲ್ಲಿ ಎಲ್ಲ ಅಂಗಡಿ ಸಂಜೆ 5ರವರೆಗೆ, ಬಸ್ಸೂ ಉಂಟು ಅಂದರು. ಹಾವೇರಿ ಅದರಲ್ಲಿತ್ತು. ದಾವಣಗೆರೆಗೆ ಈಗ ಮಧ್ಯಾಹ್ನ 2ರವರೆಗಿನ ಸಡಿಲಿಕೆ ಸಿಕ್ಕಿತು. ಅದರಲ್ಲಿ ಬಟ್ಟೆ ಅಂಗಡಿ ಇರಲಿಲ್ಲ. ರಾಣೆಬೆನ್ನೂರಿನಲ್ಲಿ ಸೀರೆ ಮಾರಬಹುದು, ಹರಿಹರದಲ್ಲಿ, ದಾವಣಗೆರೆಯಲ್ಲಿ ಮಾರಬಾರದು. ಆಷಾಢ ಬರುವ ಮುಂಚೆ ಮದುವೆ ಮುಗಿಸಬೇಕು ಅನ್ನುವ ಮನೆಯವರೆಲ್ಲ ಸೇತುವೆ ದಾಟಿ ಜವಳಿಗೆ ಆ ಕಡೆ ಹೋದರು. ನಮ್ಮ ಅಂಗಡಿಯ ಹಳೇ ಗಿರಾಕಿಗಳೇ ನನಗೆ ಫೋನ್ ಮಾಡಿ, "ಅಲ್ಲಿ ಯಾರ ಅಂಗಡಿ ಚಲೋ ಐತ್ರೀ?" ಅಂತ ಕೇಳಿದರು.

ನಾನೂ ದಾಟಿದೆ. ರಾಣೆಬೆನ್ನೂರಿನ ಒಂದು ಅಂಗಡಿಗೆ ದಿನಗೂಲಿಗೆ ಕೌಂಟರಿನವರು ಬೇಕು ಅಂತ ಪರಿಚಯದವರು ಹೇಳಿದ್ದರು. ಸೇತುವೆಯ ಹತ್ತಿರ ಪೊಲೀಸರು ನಿಂತಿರುತ್ತಿದ್ದರು. ಕೆಲವು ದಿನ ಕೇಳುತ್ತಿದ್ದರು, ಕೆಲವು ದಿನ ಬಿಡುತ್ತಿದ್ದರು. ಒಂದು ಬೆಳಗ್ಗೆ ಒಬ್ಬರು ತಡೆದು, ಎಲ್ಲಿಗೆ ಅಂದರು. ಆಸ್ಪತ್ರೆಯ ಚೀಟಿ ತೋರಿಸು ಅಂದರು. ಕೆಲಸಕ್ಕೆ ಹೊರಟಿದ್ದೀನಿ ಅಂದೆ. ಲಾಠಿ ಎತ್ತಲಿಲ್ಲ, ಆದರೆ ಅವರು ಬೈದ ಬೈಗುಳವನ್ನು ನಾನು ಇಲ್ಲಿ ಬರೆಯಲಾರೆ. ಪಕ್ಕದಲ್ಲಿ ನನ್ನ ಮಗನ ವಯಸ್ಸಿನ ಹುಡುಗರು ನಿಂತು ನೋಡುತ್ತಿದ್ದರು. ವಾಪಸ್ಸು ಹೋಗುವ ಹಾಗೆ ಮಾಡಿ, ಅವರು ಆ ಕಡೆ ತಿರುಗಿದಾಗ ದಾಟಿದೆ. ಸೇತುವೆಯ ಮೇಲೆ ಗಾಳಿ ಜೋರಾಗಿ ಬೀಸುತ್ತಿತ್ತು, ಅಳು ಬರುತ್ತಿತ್ತು, ಮಾಸ್ಕ್ ಒದ್ದೆಯಾಗಿ ಉಸಿರಾಡಲು ಆಗುತ್ತಿರಲಿಲ್ಲ. ಆ ತುದಿಯಲ್ಲಿ ಬಸ್ಸು ಸಿಕ್ಕಿತು.

ರಾಣೆಬೆನ್ನೂರಿನ ಅಂಗಡಿಯ ಒಳಗೆ ಕಾಲಿಡಲು ಜಾಗ ಇರಲಿಲ್ಲ. ಎರಡು ತಿಂಗಳ ಮದುವೆಗಳೆಲ್ಲ ಒಂದೇ ವಾರಕ್ಕೆ ಬಂದ ಹಾಗಿತ್ತು. ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು ಸೆರಗು ಹೆಗಲಿಗೆ ಹಾಕಿ ಕನ್ನಡಿ ನೋಡುತ್ತಿದ್ದರು. ಗಿರಾಕಿಗೆ ಮಾಸ್ಕ್ ಮೇಲೆ ಮಾಡ್ರಿ ಅಂದರೆ ಅಲ್ಲಿಯ ಮಾಲೀಕರು ಕಣ್ಣು ಬಿಡುತ್ತಿದ್ದರು. ಯಾರಾದರೂ ಕೆಮ್ಮಿದರೆ ನನಗೆ ಅತ್ತೆಯ ಕೊನೆಯ ದಿನಗಳ ಕೆಮ್ಮು ಕೇಳುತ್ತಿತ್ತು. ಕೈ ಸೀರೆ ಮಡಿಸುತ್ತಿದ್ದರೂ ತಲೆಯಲ್ಲಿ ತಂಗಿಯ ಮಾತೇ ಇರುತ್ತಿತ್ತು. ಅಂಗಡಿಗಳು ಹೀಗೆ ಒಂದು ದಡದಲ್ಲಿ ತೆರೆದು ಇನ್ನೊಂದು ದಡದಲ್ಲಿ ಮುಚ್ಚಿದ್ದರಿಂದಲೇ ಇಷ್ಟು ಜನ ಒಂದೇ ಕಡೆ ತುಂಬಿದ್ದಾರೆ ಅಂತಲೂ ಅನ್ನಿಸುತ್ತಿತ್ತು. ಸಂಜೆ ಬಂದು ಹಿತ್ತಲಲ್ಲೇ ಸ್ನಾನ ಮಾಡಿ, ಬಟ್ಟೆ ಕುದಿಯುವ ನೀರಿಗೆ ಹಾಕಿ, ಗಂಡನಿಂದ ದೂರ ಮಲಗುತ್ತಿದ್ದೆ. ಅವರ ಶ್ವಾಸಕೋಶಕ್ಕೆ ಇನ್ನೊಂದು ಸಲ ತಡೆಯುವ ಶಕ್ತಿ ಇರಲಿಲ್ಲ. "ಏನೂ ಆಗಂಗಿಲ್ಲ, ಹೋಗು" ಅಂತ ಅವರೇ ಹೇಳುತ್ತಿದ್ದರು. ಆ ಕೂಲಿಯಲ್ಲಿ ಅವರ ಔಷಧಿ ತಂದೆ, ಸಂಘದ ಎರಡು ಕಂತು ಕಟ್ಟಿದೆ.

ಸರಕಾರ ಏನೂ ಕೊಡಲಿಲ್ಲ ಅಂತ ನಾನು ಹೇಳುವುದಿಲ್ಲ. ಮೇ 19ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,250 ಕೋಟಿ ರೂಪಾಯಿಯ ಪ್ಯಾಕೇಜ್ ಹೇಳಿದರು. ಆಟೋ, ಟ್ಯಾಕ್ಸಿ ಓಡಿಸುವವರಿಗೆ 3,000. ಟೈಲರ್, ಹಮಾಲಿ, ಕ್ಷೌರಿಕ, ಅಗಸ, ಕುಂಬಾರ, ಮೆಕ್ಯಾನಿಕ್, ಮನೆಗೆಲಸದವರು ಇಂಥವರಿಗೆ 2,000. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ನಮ್ಮವರಿಗೆ 3,000 ಬಂತು. ನಮ್ಮ ಅಂಗಡಿಯ ಹೊರಗೆ ಮಷಿನ್ ಇಟ್ಟುಕೊಂಡು ಫಾಲ್ಸ್ ಹೊಲಿಯುವ ಅಣ್ಣನಿಗೆ 2,000 ಬಂತು. ಒಳಗೆ ಕೌಂಟರಿನಲ್ಲಿ ನಿಲ್ಲುವ ನಮ್ಮ ಹೆಸರು ಯಾವ ಸಾಲಿನಲ್ಲೂ ಇರಲಿಲ್ಲ. ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳಲ್ಲಿ ನನ್ನಂಥವರು ಎಷ್ಟು ಜನ ಇದ್ದೇವೆ! ಬಟ್ಟೆ, ಪಾತ್ರೆ, ಚಪ್ಪಲಿ, ಫ್ಯಾನ್ಸಿ ಅಂಗಡಿಗಳಲ್ಲಿ ನಿಂತು ದುಡಿಯುವ ಹೆಣ್ಣುಮಕ್ಕಳು, ಹುಡುಗರು. ನಮಗೆ ಕಾರ್ಮಿಕರ ಕಾರ್ಡಿಲ್ಲ, ಕಾರ್ಮಿಕರ ಸಂಘವಿಲ್ಲ. ಸಂಬಳ ಕೈಗೆ ಕೊಡುತ್ತಾರೆ, ಸಹಿ ಇಲ್ಲ. ಮುಚ್ಚಿ ಅಂದ ದಿನ ಮೊದಲು ಮುಚ್ಚಿದ್ದು ನಮ್ಮ ಬಾಗಿಲು, ತೆರೆಯುವಾಗ ಕೊನೆಗೆ ತೆರೆದದ್ದೂ ನಮ್ಮದೇ.

ಟಿವಿಯಲ್ಲಿ ದಿನಾ ರಾತ್ರಿ ಈ ತಾರೀಖಿನ ಮೇಲೆ ಜಗಳ ನಡೆಯುತ್ತಿತ್ತು. ತಜ್ಞರ ಸಮಿತಿ ಹೀಗೆ ಹೇಳಿದೆ, ವ್ಯಾಪಾರಸ್ಥರು ಹಾಗೆ ಕೇಳಿದ್ದಾರೆ, ಮಂತ್ರಿಗಳು ಇನ್ನೊಂದು ಹೇಳಿದ್ದಾರೆ. 14 ಸರಿಯೋ, 21 ಸರಿಯೋ, ಜುಲೈ ಸರಿಯೋ. ಮುಚ್ಚಿರುವಷ್ಟು ದಿನ ಒಳಗಿದ್ದವರ ಸಂಬಳ ಯಾರು ಕೊಡಬೇಕು, ಅಂಗಡಿಯ ಬಾಡಿಗೆ ಯಾರು ಹೊರಬೇಕು, ಸಂಘದ ಕಂತು ಯಾರು ತಡೆಯಬೇಕು ಅಂತ ಯಾರಾದರೂ ಅಷ್ಟೇ ಜೋರಾಗಿ ಜಗಳವಾಡಿದ್ದರೆ ನನಗೂ ತಂಗಿಗೂ ಆ ಮಾತು ಬರುತ್ತಿರಲಿಲ್ಲ. ನನಗೆ ಸಾಯಲು ಇಷ್ಟವಿರಲಿಲ್ಲ, ಯಾರನ್ನೂ ಸಾಯಿಸಲೂ ಇಷ್ಟವಿರಲಿಲ್ಲ. ತಿಂಗಳಿಗೆ ಅರ್ಧ ಸಂಬಳ ಬಂದಿದ್ದರೆ ಆಷಾಢ ಮುಗಿಯುವವರೆಗೂ ಮನೆಯಲ್ಲೇ ಕೂತು ಗಂಡನ ಆರೈಕೆ ಮಾಡುತ್ತಿದ್ದೆ.

ಜುಲೈ 5ರ ಹೊತ್ತಿಗೆ ಕೊಡಗು ಬಿಟ್ಟು ರಾಜ್ಯವೆಲ್ಲ ತೆರೆಯಿತು. ರಾತ್ರಿ 9ರವರೆಗೆ ಅಂಗಡಿ, ಮದುವೆಗೆ 100 ಜನ. ಆ ಹೊತ್ತಿಗೆ ಆಷಾಢಕ್ಕೆ ಒಂದು ವಾರವೂ ಇರಲಿಲ್ಲ. ಸಾಹುಕಾರ್ರು ಫೋನ್ ಮಾಡಿ ಕರೆದರು, ಆದರೆ ಎಲ್ಲರನ್ನೂ ಅಲ್ಲ. ನನ್ನ ಜೊತೆಗೆ ಬ್ಲೌಸ್ ಪೀಸ್ ಕೌಂಟರಿನಲ್ಲಿದ್ದವಳನ್ನು ಕರೆಯಲಿಲ್ಲ. ಅವಳು ಗಂಡ ಇಲ್ಲದವಳು. ಆಮೇಲೆ ಮಂಡಕ್ಕಿ ಭಟ್ಟಿಯಲ್ಲಿ ಚೀಲ ತುಂಬುವ ಕೆಲಸಕ್ಕೆ ಹೋದಳು. ನನ್ನ ಕಪಾಟಿನಲ್ಲಿ ಏಪ್ರಿಲ್‌ನಲ್ಲಿ ತೆಗೆದಿಟ್ಟ ಆ ಸೀರೆಗಳು ಹಾಗೇ ಇದ್ದವು. ಬರೆದುಕೊಂಡಿದ್ದ ನಂಬರಿಗೆ ಫೋನ್ ಮಾಡಿದೆ. ಮದುವೆ ಮನೆಯ ಮುಂದೆಯೇ ಮುಗಿಯಿತು, ಇದ್ದ ಸೀರೆಯಲ್ಲೇ ಧಾರೆ ಎರೆದೆವು ಅಂದರು.

ತಂಗಿ ಶ್ರಾವಣದಲ್ಲಿ ಮನೆಗೆ ಬಂದಳು. ಅತ್ತೆಯ ಫೋಟೋ ಮುಂದೆ ಎಡೆ ಇಟ್ಟು, ಉಂಡು ಕೂತ ಮೇಲೆ ಮಾತು ಮತ್ತೆ ಅಲ್ಲಿಗೇ ಹೋಯಿತು. ವಾರ್ಡ್ ಖಾಲಿಯಾಗಿದೆ ಅಂದಳು. "ಆ ಮೂರು ವಾರ ದಂಡ ಆಗಲಿಲ್ಲ ಅಕ್ಕಾ. ನಾನು ಕಣ್ಣಾರೆ ನೋಡೀನಿ." ನಾನು ಹಿಡಿದಿಟ್ಟುಕೊಂಡಿದ್ದ ಮಾತು ಅಂದೇಬಿಟ್ಟೆ: "ನಿನಗೆ ಆ ಮೂರು ವಾರ ಸಂಬಳ ಬಂತು." ಅವಳು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಬಂತು. ನಿನಗೂ ಬರಬೇಕಾಗಿತ್ತು" ಅಂದಳು. ನಮ್ಮವರು ಅಲ್ಲೇ ಕೂತಿದ್ದರು. "ಈ ಮಾತು ಜೂನ್‌ನಾಗೆ ಆಡಿದ್ರೆ ನಾವೆಲ್ಲ ಒಂದೇ ಮನವಿ ಬರೀತಿದ್ವಲ್ಲ" ಅಂದರು.

2022ರ ಜನವರಿಯಲ್ಲಿ ಮೂರನೇ ಅಲೆ ಅಂತ ಮತ್ತೆ ವಾರಾಂತ್ಯದ ಕರ್ಫ್ಯೂ ಬಂತು. ಎರಡು ಶನಿವಾರ, ಎರಡು ಭಾನುವಾರ ಅಂಗಡಿ ಮುಚ್ಚಿದವು. ಜನವರಿ 21ಕ್ಕೆ ಅದನ್ನು ತೆಗೆದರು. ಆ ಸಲ ಕೌಂಟರಿನವರೆಲ್ಲ ಸಾಹುಕಾರ್ರ ಗಲ್ಲಾದ ಮುಂದೆ ಒಟ್ಟಿಗೆ ನಿಂತು, ಮುಚ್ಚಿದ ದಿನಗಳ ಸಂಬಳ ಹಿಡಿಯಬೇಡಿ ಅಂತ ಕೇಳಿದೆವು. ಅವರು ಎಲ್ಲರ ಮುಖ ನೋಡಿದರು. ಅರ್ಧ ಕೊಡ್ತೀನಿ ಅಂದರು. ಪೂರ್ತಿ ಬೇಕು ಅಂದೆವು. ಕೊಟ್ಟರು.